ಅವಳ ಓದಿನ ದುಡ್ಡು

ರಾಲಿ
18 ಜನವರಿ 2023

ಮೈಥಿಲಿ,

ಎಳ್ಳುಬೆಲ್ಲದ ಡಬ್ಬಿ ಬಂತು. ಕೊಬ್ಬರಿ ಸ್ವಲ್ಪ ಹೆಚ್ಚಾಯಿತು, ಅದು ಬಿಟ್ಟರೆ ತಕರಾರಿಲ್ಲ. ಫೋನ್ ಮಾಡದೆ ಕಾಗದ ಬರೆಯುತ್ತಿರುವುದು ಯಾಕೆಂದರೆ, ಫೋನಿನಲ್ಲಿ ನೀನು ಎಲ್ಲದಕ್ಕೂ ‘ಹೂಂ, ನೋಡೋಣ’ ಎಂದು ನನ್ನನ್ನು ಸಾಗಹಾಕುತ್ತೀಯ. ಕಾಗದದಲ್ಲಿ ಹಾಗೆ ಬರೆಯಲು ನಿನಗೇ ನಾಚಿಕೆಯಾಗುತ್ತದೆ. ಮೈಸೂರಿನ ಹಾಸ್ಟೆಲಿನಲ್ಲೂ ಜಗಳವಾದಾಗೆಲ್ಲ ಚೀಟಿ ಬರೆದೇ ತಾನೇ ನಾವು ರಾಜಿಯಾಗುತ್ತಿದ್ದದ್ದು?

ವಿಷಯಕ್ಕೆ ಬರುತ್ತೇನೆ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಮಾತು-ಶ್ರವಣದ ಡಿಗ್ರಿ ಮಾಡಿದವರು. ನಾನು ಅಮೆರಿಕಕ್ಕೆ ಬಂದು ಮಾಸ್ಟರ್ಸ್ ಮುಗಿಸಿ, ಸ್ಕೂಲಿನಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿ ಮಕ್ಕಳಿಗೆ ಮಾತು ಕಲಿಸುತ್ತಿದ್ದೇನೆ. ನೀನು ಶ್ಯಾಂಟಿಲಿಯಲ್ಲಿ ಗಂಡ ಧೀರಜ್‌ನ ಡಬ್ಬಿಗೆ ಚಪಾತಿ ಸುತ್ತುತ್ತಿದ್ದೀಯ. ಗ್ರೀನ್ ಕಾರ್ಡ್ ಬಂದು ಎರಡು ವರ್ಷವಾಯಿತು. ಕೇಳಿದರೆ ಫೀಸಿಗೆ ದುಡ್ಡಿಲ್ಲ ಎನ್ನುತ್ತೀಯ. ದುಡ್ಡಿದೆ. ಎಲ್ಲಿದೆ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಯಾರೂ ಬಾಯಿ ಬಿಡುತ್ತಿಲ್ಲ ಅಷ್ಟೇ.

2016ರಲ್ಲಿ, ನೀನು ಏಳು ತಿಂಗಳ ಬಸುರಿಯಾಗಿದ್ದಾಗ, ಆ 529 ಅಕೌಂಟ್ ತೆರೆಸಿದವಳೇ ನಾನು. ಓದಿಗೆಂದು ಇಡುವ ದುಡ್ಡು; ಓದಿಗೇ ಖರ್ಚು ಮಾಡಿದರೆ ಬೆಳೆದದ್ದಕ್ಕೆ ಟ್ಯಾಕ್ಸ್ ಇಲ್ಲ. ಹುಟ್ಟದ ಮಗುವಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಎಲ್ಲಿಂದ ಬರಬೇಕು? ಅದಕ್ಕೆ ಸದ್ಯಕ್ಕೆ ಓದುವವಳು ನೀನೇ ಎಂದು ಹಾಕಿ, ಮಗು ಬಂದ ಮೇಲೆ ಹೆಸರು ಬದಲಾಯಿಸಿದರಾಯಿತು ಎಂದೆವು. ಇಲ್ಲಿ ಎಷ್ಟೋ ಜನ ಹಾಗೇ ಮಾಡುತ್ತಾರೆ. ಲ್ಯಾನ್‌ಹ್ಯಾಮ್ ದೇವಸ್ಥಾನದ ಹಾಲಿನಲ್ಲಿ ನಿನ್ನ ಸೀಮಂತವಾದಾಗ ಬಂದವರೆಲ್ಲ ಬೆಳ್ಳಿ ಲೋಟದ ಬದಲು ಅದಕ್ಕೇ ದುಡ್ಡು ಹಾಕಿದರು. ಆಮೇಲೆ ಮಗು ಉಸಿರಿಲ್ಲದೆ ಹುಟ್ಟಿತು. ಹೆಸರು ಬದಲಾಯಿಸುವ ಕೆಲಸ ಬರಲೇ ಇಲ್ಲ.

ಅಂದರೆ ಅದರಲ್ಲಿ ಇವತ್ತಿಗೂ ಓದುವವಳ ಹೆಸರು ನಿನ್ನದೇ, ಮೈಥಿಲಿ. ಬೇರೆಯದಕ್ಕೆ ತೆಗೆದರೆ ಟ್ಯಾಕ್ಸು, ಮೇಲೆ ದಂಡ. ಹಾಗೇ ಬಿಟ್ಟರೆ ದುಡ್ಡು ಕೊಳೆಯುವುದಿಲ್ಲ ನಿಜ, ಕೊಳೆಯುವವಳು ನೀನು. ಸಿಟ್ಟು ಬಂದರೆ ಬರಲಿ. ಅಪ್ಲೈ ಮಾಡು.

ನಿನ್ನ
ಫಿರೋಜಾ


ಶ್ಯಾಂಟಿಲಿ
27 ಫೆಬ್ರವರಿ 2023

ಫಿರೋಜಾ,

ಸಿಟ್ಟು ಬಂತು. ಹೋಗಲು ಸುಮಾರು ದಿನ ಬೇಕಾಯಿತು, ಅದಕ್ಕೇ ಉತ್ತರ ತಡ.

ಆ ಅಕೌಂಟಿನ ಪೇಜನ್ನು ನಾವಿಬ್ಬರೂ ಅವತ್ತಿನಿಂದ ತೆರೆದಿಲ್ಲ. ಅದರ ಕವರ್ ಬಂದರೆ ಧೀರಜ್ ಒಡೆಯದೆ ಡ್ರಾಯರಿಗೆ ಹಾಕುತ್ತಾನೆ. ಹೆಸರು ಯಾರದೇ ಇರಲಿ, ನನಗೆ ಅದು ನನ್ನ ದುಡ್ಡು ಅನ್ನಿಸುವುದಿಲ್ಲ. ಅವಳಿಗೆ ಒಂದು ಹೆಸರು ಕೂಡ ಇಡಲಿಲ್ಲ, ಈ ಲೋಕದಲ್ಲಿ ಅವಳದು ಅಂತ ಇರುವುದು ಅದೊಂದೇ. ಮಗುವಿನ ತಟ್ಟೆಯಿಂದ ತೆಗೆದು ತಿಂದ ಹಾಗೆ ಆಗುವುದಿಲ್ಲವೇ?

ಆದರೂ ಅಪ್ಲೈ ಮಾಡಿದ್ದೇನೆ. ಯಾಕೆಂದರೆ ಮೊನ್ನೆ ಇಂಡಿಯನ್ ಸ್ಟೋರಿನಲ್ಲಿ ಒಂದು ಮಗು ತೊದಲುವುದನ್ನು ಕೇಳಿ, ಅದರ ನಾಲಿಗೆ ಎಲ್ಲಿ ತಪ್ಪುತ್ತಿದೆ ಎಂದು ನನಗೆ ತಟ್ಟನೆ ಗೊತ್ತಾಯಿತು. ಇಷ್ಟು ವರ್ಷದ ಮೇಲೂ. ಸಾರಿನಪುಡಿ ಪ್ಯಾಕೆಟ್ ಹಿಡಿದು ಅಲ್ಲೇ ನಿಂತುಬಿಟ್ಟೆ. ಓದುತ್ತೇನೆ ಎಂದು ಧೀರಜ್‌ಗೆ ಹೇಳಿದೆ, ಖುಷಿಪಟ್ಟ. ‘ಲೋನ್ ತಗೋತೀಯಾ?’ ಅಂದ. ಹೂಂ ಅಂದೆ.

ಮೈಥಿಲಿ


ಶ್ಯಾಂಟಿಲಿ
10 ಸೆಪ್ಟೆಂಬರ್ 2023

ಫಿರೋಜಾ,

ಇದರ ಜೊತೆ ಒಂದು ಪೆನ್ ಡ್ರೈವ್ ಇದೆ. ಕಾಗದ ಓದುವ ಮೊದಲು ಅದನ್ನು ಕೇಳಬೇಡ. ಓದಿ ಆಮೇಲೆ ಕೇಳು.

ನನಗೆ ಸೀಟು ಸಿಕ್ಕಿದ ಯೂನಿವರ್ಸಿಟಿಯ ಕ್ಲಿನಿಕ್ಕಿನಲ್ಲಿ ಕನ್ನಡದ ಮನೆಗಳ ಮಕ್ಕಳಿಗೆ ಕೇಳಿಸಲು ಪದಗಳ ರೆಕಾರ್ಡಿಂಗ್ ಇರಲಿಲ್ಲ. ಸೇರುವ ಮೊದಲೇ ಸೂಪರ್‌ವೈಸರ್ ‘ನೀವೇ ಮಾಡಿಕೊಡಿ’ ಎಂದರು. ಆಗಸ್ಟಿನಲ್ಲಿ, ಫೀಸು ಕಟ್ಟುವ ಹಿಂದಿನ ವಾರ, ಒಂದು ಮಧ್ಯಾಹ್ನ ಮೇಲಿನ ಸಣ್ಣ ರೂಮಿನಲ್ಲಿ ಕೂತು ಮಾಡಿದೆ. ಯಾವ ರೂಮು ಎಂದು ನಿನಗೆ ಗೊತ್ತು, ತೊಟ್ಟಿಲು ತಂದಿಟ್ಟಿದ್ದ ರೂಮು. ನಮ್ಮ ಹಳೆಯ ಪದ್ಧತಿಯೇ: ನಾನು ಒಂದು ಪದ ಹೇಳುವುದು, ಮಗು ತಿರುಗಿ ಹೇಳಲು ಬಿಡುವು ಕೊಡುವುದು, ಮತ್ತೆ ಮುಂದಿನ ಪದ. ಕೊಳಲು, ಬಿಡುವು. ಕುರಿ, ಬಿಡುವು. ಸೌತೆ, ಕಾಗೆ, ಹೀಗೆ.

ಹಾಕಿ ಕೇಳಿದರೆ ಬಿಡುವುಗಳು ಖಾಲಿ ಇರಲಿಲ್ಲ.

ಪ್ರತಿಯೊಂದು ಪದವನ್ನೂ ಒಬ್ಬಳು ಹುಡುಗಿ ನನ್ನ ಹಿಂದೆಯೇ ಹೇಳುತ್ತಿದ್ದಾಳೆ. ಏಳು ವರ್ಷದವಳಿರಬಹುದು. ಹೆದರಿಸುವ ದನಿಯಲ್ಲ, ಮುಂದಿನ ಬೆಂಚಿನಲ್ಲಿ ಕೂರುವ ಜಾಣೆಯ ದನಿ. ಎಲ್ಲ ಅಕ್ಷರವೂ ಶುದ್ಧ. ಕಿಟಕಿ ಮುಚ್ಚಿತ್ತು. ಪಕ್ಕದ ಟೌನ್‌ಹೌಸಿನಲ್ಲಿ ವಯಸ್ಸಾದ ಕೊರಿಯನ್ ದಂಪತಿ ಇದ್ದಾರೆ, ಅವರ ಮನೆಗೆ ಮಕ್ಕಳು ಬರುವುದಿಲ್ಲ. ನಾನು ಹೆದರಲಿಲ್ಲ ಎಂದರೆ ನಂಬುತ್ತೀಯಾ? ಮತ್ತೆ ಮತ್ತೆ ಕೇಳಿದೆ.

ಅವಳೇ ‘ಓದು’ ಎಂದ ಹಾಗೆ ಅನ್ನಿಸಿತು. ಆಮೇಲೆ ಫೀಸು ಕಟ್ಟಿದೆ, ಲೋನ್ ತೆಗೆಯದೆ ಆ ಅಕೌಂಟಿನಿಂದಲೇ; ಧೀರಜ್‌ಗೆ ಹೇಳಲಿಲ್ಲ. ಮರುದಿನ ಅದೇ ಪದಗಳನ್ನು ಮತ್ತೆ ರೆಕಾರ್ಡ್ ಮಾಡಿದೆ. ಇದ್ದಳು. ಆದರೆ ಈ ಸಲ ಕೊಳಲು ‘ಕೊಯಲು’ ಆಗಿತ್ತು, ಕುರಿ ‘ಕುಯಿ’ ಆಗಿತ್ತು. ಹಿಂದೆ ಅಷ್ಟು ಚೆನ್ನಾಗಿ ಬರುತ್ತಿದ್ದ ಳ, ರ ಎರಡೂ ಹೋಗಿವೆ. ಎರಡನ್ನೂ ಪೆನ್ ಡ್ರೈವಿನಲ್ಲಿ ಹಾಕಿದ್ದೇನೆ. ನಿನ್ನ ಕಿವಿಯ ಮೇಲೆ ನನಗೆ ನಂಬಿಕೆ. ಏನು ಕೇಳಿಸಿತು ಬರೆ.

ಮೈಥಿಲಿ


ರಾಲಿ
24 ಸೆಪ್ಟೆಂಬರ್ 2023

ಮೈಥಿಲಿ,

ಎರಡನ್ನೂ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ನಿನ್ನ ದನಿ ಇದೆ, ನಿಮ್ಮನೆ ಏಸಿಯ ಗೊರಗೊರ ಇದೆ. ಮಗು ಗಿಗು ಏನೂ ಇಲ್ಲ.

ನೀನು ನಿದ್ದೆಗೆಟ್ಟು ಓದುತ್ತಿದ್ದೀಯ, ಹೊಟ್ಟೆಗೆ ಸರಿಯಾಗಿ ತಿನ್ನುತ್ತಿಲ್ಲ, ಮೇಲಿಂದ ಆ ರೂಮಿನಲ್ಲೇ ಕೂರುತ್ತೀಯ. ಕಿವಿ ಏನು ಮಾಡೀತು ಪಾಪ? ಕೆಳಗೆ ಡೈನಿಂಗ್ ಟೇಬಲ್ ಇದೆ, ಅಲ್ಲಿ ಕೂತು ಓದು. ಏನೇ ಆಗಲಿ ಕ್ಲಾಸು ಮಾತ್ರ ತಪ್ಪಿಸಬೇಡ. ಇಷ್ಟು ದೂರ ಬಂದು ಹಿಂದೆ ಸರಿದರೆ ನಾನು ಬಂದು ಜುಟ್ಟು ಹಿಡಿದು ಎಳೆದುಕೊಂಡು ಹೋಗುತ್ತೇನೆ.

ಪೆನ್ ಡ್ರೈವ್ ನನ್ನ ಹತ್ತಿರವೇ ಇರಲಿ.

ಫಿರೋಜಾ


ಶ್ಯಾಂಟಿಲಿ
28 ಜನವರಿ 2024

ಫಿರೋಜಾ,

ನಿನಗೆ ಕೇಳಿಸಲಿಲ್ಲ ಎಂದ ಮೇಲೆ ನನ್ನ ಕಿವಿ ಕೆಟ್ಟಿರಬೇಕು ಎಂದು ಕ್ಲಿನಿಕ್ಕಿನಲ್ಲೇ ಟೆಸ್ಟ್ ಮಾಡಿಸಿಕೊಂಡೆ. ಕೆಟ್ಟಿಲ್ಲ. ಆಮೇಲೆ ನಿನಗೆ ಬರೆಯಲು ಮನಸ್ಸಾಗಲಿಲ್ಲ.

ಈ ತಿಂಗಳು ಎರಡನೆಯ ಟರ್ಮಿನ ಫೀಸು ಹೋಯಿತು. ಅವಳ ಸ, ಶ, ಚ ಎಲ್ಲ ಹೋದವು. ಸೌತೆ ಈಗ ‘ತೌತೆ’. ನಾಲ್ಕು ವರ್ಷದ ಮಗುವಿನ ಮಾತು. ನಾವು ಓದಿದ್ದೇವಲ್ಲ, ಮಕ್ಕಳಿಗೆ ಮೊದಲು ಮ, ಪ ಬರುತ್ತವೆ, ಕೊನೆಯಲ್ಲಿ ರ, ಳ. ಇವಳು ಅದೇ ಮೆಟ್ಟಿಲುಗಳನ್ನು ಇಳಿಯುತ್ತಿದ್ದಾಳೆ. ನಾನು ಅವಳ ದುಡ್ಡು ತೆಗೆದಷ್ಟೂ ಅವಳು ಚಿಕ್ಕವಳಾಗುತ್ತಿದ್ದಾಳೆ. ನನ್ನ ಮೇಲಿನ ಮುನಿಸಿಗೆ ಒಂದೊಂದೇ ಅಕ್ಷರ ವಾಪಸ್ ತೆಗೆದುಕೊಳ್ಳುತ್ತಿದ್ದಾಳೆ ಅನ್ನಿಸುತ್ತದೆ. ಹೀಗೇ ಹೋದರೆ ಓದು ಮುಗಿಯುವ ಹೊತ್ತಿಗೆ ಏನು ಉಳಿಯುತ್ತದೆ?

ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಬಿಡದಿರುವುದು ಒಂದು ಮಗುವಿಗಾಗಿ. ಕ್ಲಿನಿಕ್ಕಿನ ಮಗುವಿನ ಹೆಸರು ಬರೆಯಬಾರದು ಎಂದು ಗೊತ್ತು, ನಿನ್ನ ಹತ್ತಿರ ಮುಚ್ಚಿಟ್ಟು ಏನು ಪ್ರಯೋಜನ. ಹಮ್ನಾ ಎಂದು, ನಾಲ್ಕು ವರ್ಷ. ತಾಯಿ ಶಬನಮ್ ಬೆಂಗಳೂರಿನವಳು, ಮನೆಯಲ್ಲಿ ಉರ್ದು. ಕಿವಿ ಚೆನ್ನಾಗಿದೆ, ಎಲ್ಲವೂ ಅರ್ಥವಾಗುತ್ತದೆ, ಬಾಯಿಂದ ಮಾತ್ರ ಒಂದು ಶಬ್ದವೂ ಬರುತ್ತಿರಲಿಲ್ಲ. ಸೆಪ್ಟೆಂಬರಿನಲ್ಲಿ ನನಗೆ ಒಪ್ಪಿಸಿದರು. ಅಕ್ಟೋಬರಿನಲ್ಲಿ ಬಾಯಿ ಬಿಟ್ಟಳು. ಮೊದಲು ಬಂದದ್ದು ಯಾವುದು ಗೊತ್ತೇ? ಳ. ಆಮೇಲೆ ರ. ಈ ವಾರ ಸ ಬಂತು. ಪ ಬರುವುದಿಲ್ಲ, ಮ ಬರುವುದಿಲ್ಲ, ಆದರೆ ಸ ಬರುತ್ತದೆ! ಸೂಪರ್‌ವೈಸರ್ ಎಲ್ಲರನ್ನೂ ಕರೆದು ತೋರಿಸುತ್ತಿದ್ದಾರೆ. ಶಬನಮ್ ನನ್ನ ಕೈ ಹಿಡಿದುಕೊಂಡು, ‘ಮೇಡಂ, ನೀವು ಏನ್ ಮ್ಯಾಜಿಕ್ ಮಾಡಿದ್ರಿ?’ ಎಂದು ಅತ್ತಳು. ನಾನೇನೂ ಮಾಡಿಲ್ಲ.

ಮೈಥಿಲಿ


ರಾಲಿ
12 ಫೆಬ್ರವರಿ 2024

ಮೈಥಿಲಿ,

ಈ ಮಗುವಿನ ಬಗ್ಗೆ ಸರಿಯಾಗಿ ಬರೆ. ಆ ಳ ಎಲ್ಲಿಂದ ಬಂತು? ಉರ್ದುವಿನಲ್ಲಿ ಳ ಇಲ್ಲ, ಇಂಗ್ಲಿಷಿನಲ್ಲಿ ಇಲ್ಲ. ನಮ್ಮ ದಾದಿ, ಅಪ್ಪನ ಅಮ್ಮ, ಮೈಸೂರಿನಲ್ಲೇ ಹುಟ್ಟಿ ಬೆಳೆದವಳು, ಸಾಯುವವರೆಗೂ ‘ಬಾಲೆಹಣ್ಣು’ ಎನ್ನುತ್ತಿದ್ದಳು. ಬಾಯಿಯೇ ಬಿಡದಿದ್ದ ಮಗು ಎಲ್ಲಕ್ಕಿಂತ ಮೊದಲು ಅದನ್ನು ಹೇಗೆ ಹೇಳಿತು? ನಿನ್ನ ರೆಕಾರ್ಡಿಂಗ್ ಅದಕ್ಕೆ ಕೇಳಿಸಿದ್ದೀಯಾ? ಇಷ್ಟು ವರ್ಷ ಸ್ಕೂಲಿನಲ್ಲಿ ನೂರಾರು ಮಕ್ಕಳ ಬಾಯಿ ನೋಡಿದ್ದೇನೆ, ಒಂದೂ ಹೀಗೆ ತಲೆಕೆಳಗಾಗಿ ಕಲಿತದ್ದಿಲ್ಲ.

ಇನ್ನೊಂದು. ಆ ಮಗು ‘ಳ’ ಎನ್ನುವಾಗ ಕೊನೆಯನ್ನು ಸ್ವಲ್ಪ ಎಳೆದು, ನಗು ತಡೆದವಳ ಹಾಗೆ ಗಕ್ಕನೆ ನಿಲ್ಲಿಸುತ್ತದೆಯಾ? ಸುಮ್ಮನೆ ಕೇಳಿದೆ.

ಫಿರೋಜಾ


ಶ್ಯಾಂಟಿಲಿ
2 ಮಾರ್ಚ್ 2024

ಫಿರೋಜಾ,

ಹೌದು, ಹಾಗೇ ನಿಲ್ಲಿಸುತ್ತಾಳೆ. ರೆಕಾರ್ಡಿಂಗ್ ಹಮ್ನಾಗೆ ಒಮ್ಮೆಯೂ ಕೇಳಿಸಿಲ್ಲ, ಅದು ಮನೆಯಿಂದ ಆಚೆ ಹೋಗಿರುವುದು ನಿನ್ನ ಹತ್ತಿರ ಮಾತ್ರ.

ಹಾಗೆ ಎಳೆಯುವುದನ್ನು ನಾನು ಯಾವ ಕಾಗದದಲ್ಲೂ ಬರೆದಿಲ್ಲ. ನಾನು ಹಾಗೆ ಹೇಳುವುದೂ ಇಲ್ಲ. ನೀನು ಅವಳನ್ನು ಕೇಳಿಸಿಕೊಂಡಿದ್ದೀಯ.

ಮೈಥಿಲಿ


ರಾಲಿ
19 ಮೇ 2024

ಮೈಥಿಲಿ,

ಎರಡು ತಿಂಗಳು ಏನು ಬರೆಯಬೇಕೆಂದು ತೋಚಲಿಲ್ಲ. ಕೇಳಿಸಿಕೊಂಡಿದ್ದೇನೆ. ಹೂಂ ಎಂದರೆ ನೀನು ಮರುದಿನವೇ ಪುಸ್ತಕ ಮುಚ್ಚಿ, ಆ ರೂಮಿನ ಬಾಗಿಲು ಹಾಕಿಕೊಂಡು ಅವಳ ಜೊತೆ ಕೂತುಬಿಡುತ್ತೀಯ ಎಂದು ಇಲ್ಲ ಎಂದೆ. ಬೈದುಕೋ.

ನೀನು ಅಂದುಕೊಂಡಂತೆ ಅದು ಮುನಿಸಲ್ಲ ಕಣೇ. ನಿನ್ನ ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ನಿನ್ನ ಮನೆಯಲ್ಲಿ ಹೋದದ್ದು ಆ ಮಗುವಿನ ಬಾಯಿಗೆ ಬರುತ್ತಿದೆ, ಹೋದ ಕ್ರಮದಲ್ಲೇ. ನಮ್ಮ ಮನೆಯವರು ಜಮೀಲ್ ಈ ಕಾಗದವನ್ನು ಓದಿದರೆ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ.

ಮುಂದೆ ಏನು ಮಾಡು ಎಂದು ಹೇಳುವ ಧೈರ್ಯ ನನಗಿಲ್ಲ. ನನಗೇ ಧೈರ್ಯವಿಲ್ಲ ಎಂದರೆ ನೋಡು.

ಫಿರೋಜಾ


ಶ್ಯಾಂಟಿಲಿ
17 ನವೆಂಬರ್ 2024

ಫಿರೋಜಾ,

ನೀನು ಹೇಳಿದ್ದೇ ಸರಿ. ಆಗಸ್ಟಿನಲ್ಲಿ ಮೂರನೆಯ ಫೀಸು ಹೋದ ಮೇಲೆ ಇಲ್ಲಿ ಕ, ಗ ಹೋದವು, ಅದೇ ವಾರ ಹಮ್ನಾ ‘ಕಾಗೆ’ ಎಂದಳು. ಆಮೇಲೆ ತ, ದ. ದೀಪಾವಳಿಯ ಹೊತ್ತಿಗೆ ಪ, ಬ ಕೂಡ. ಒಂದೊಂದು ಹೋದಾಗಲೂ ಕ್ಲಿನಿಕ್ಕಿಗೆ ಹೋಗುವಾಗ ಕಾರಿನಲ್ಲಿ ಅಳುತ್ತೇನೆ. ಅಲ್ಲಿ ಅದೇ ಅಕ್ಷರ ಕೇಳಿ ಚಪ್ಪಾಳೆ ತಟ್ಟುತ್ತೇನೆ. ದನಿಯೂ ಅದೇ ಫಿರೋಜಾ. ನಾನು ಕಣ್ಣು ಮುಚ್ಚಿಕೊಂಡರೆ ಯಾವ ರೂಮಿನಲ್ಲಿದ್ದೇನೆ ಎಂದೇ ಗೊತ್ತಾಗುವುದಿಲ್ಲ.

ಈಗ ಮನೆಯಲ್ಲಿ ಉಳಿದಿರುವುದು ಮ ಒಂದೇ. ನಾನು ಏನು ಹೇಳಿದರೂ ಅವಳು ಮ ಎನ್ನುತ್ತಾಳೆ. ಕಾಗೆ ‘ಮಾಮೆ’. ತೊಟ್ಟಿಲ ಮಗುವಿನ ದನಿ.

ಅಲ್ಲಿ ಹಮ್ನಾ ಎಲ್ಲವನ್ನೂ ಹೇಳುತ್ತಾಳೆ, ಮ ಒಂದನ್ನು ಬಿಟ್ಟು. ಅಪ್ಪನನ್ನು ‘ಅಬ್ಬು’ ಎಂದು ಕೂಗುತ್ತಾಳೆ. ಮೊನ್ನೆ ಶಬನಮ್ ಮಗುವಿಗೆ ಜಾಕೆಟ್ ಹಾಕುತ್ತ ನನ್ನ ಮುಖ ನೋಡದೆ ಕೇಳಿದಳು: ‘ಅಬ್ಬು ಅಂತಾಳೆ, ಕಾರ್ ಅಂತಾಳೆ, ಸ್ಕೂಲ್ ಬಸ್ ಅಂತಾಳೆ. ನನ್ನನ್ನ ಮಾತ್ರ ಕರೆಯಲ್ಲ ಮೇಡಂ. ಅಮ್ಮಿ ಅನ್ನೋದು ಅಷ್ಟು ಕಷ್ಟಾನಾ?’ ಅದು ಎಲ್ಲಕ್ಕಿಂತ ಸುಲಭ, ಎಲ್ಲ ಮಕ್ಕಳಿಗೂ ಅದೇ ಮೊದಲು ಬರುವುದು ಎಂದು ಯಾವ ಬಾಯಿಂದ ಹೇಳಲಿ? ಬರುತ್ತೆ ಎಂದೆ.

ಕೊನೆಯ ಫೀಸು ಜನವರಿಯಲ್ಲಿ.

ಮೈಥಿಲಿ


ರಾಲಿ
8 ಡಿಸೆಂಬರ್ 2024

ಮೈಥಿಲಿ,

ಕೊನೆಯ ಫೀಸನ್ನು ನಾನು ಕಟ್ಟುತ್ತೇನೆ. ಸಾಲವೂ ಅಲ್ಲ, ದಾನವೂ ಅಲ್ಲ, ಜಗಳ ಆಡಬೇಡ. ಜಮೀಲ್ ಒಪ್ಪಿದ್ದಾರೆ, ಕಾರಣ ಕೇಳಲಿಲ್ಲ. ನೀನು ಆ ಅಕೌಂಟನ್ನು ಮುಟ್ಟಬೇಡ. ಡಿಗ್ರಿಯೂ ಸಿಗುತ್ತದೆ, ಅವಳೂ ಉಳಿಯುತ್ತಾಳೆ. ಒಂದೇ ಒಂದು ಅಕ್ಷರವಾದರೂ ಉಳಿಯಲಿ.

ಆ ಇನ್ನೊಂದು ತಾಯಿಯ ಬಗ್ಗೆ ನಾನು ಯೋಚಿಸಿಲ್ಲ ಎಂದುಕೊಳ್ಳಬೇಡ. ಯೋಚಿಸಿದ್ದೇನೆ. ಆದರೆ ನಾನು ಅವಳ ಸ್ನೇಹಿತೆಯಲ್ಲ, ನಿನ್ನ ಸ್ನೇಹಿತೆ.

ಚೆಕ್ ಇದರ ಜೊತೆ ಇದೆ.

ಫಿರೋಜಾ


ಶ್ಯಾಂಟಿಲಿ
2 ಫೆಬ್ರವರಿ 2025

ಫಿರೋಜಾ,

ನಿನ್ನ ಚೆಕ್ ವಾಪಸ್ ಕಳಿಸುತ್ತಿದ್ದೇನೆ. ಅದನ್ನು ದೇವರ ಪಟದ ಮುಂದೆ ಇಟ್ಟು ಬಹಳ ದಿನ ನೋಡಿದೆ. ಹಾಕಿಬಿಡಬೇಕು ಎಂದು ಬ್ಯಾಂಕಿನ ಪಾರ್ಕಿಂಗ್‌ವರೆಗೂ ಹೋಗಿದ್ದೆ. ನೀನು ಬರೆದದ್ದು ಓದಿ ನನಗೆ ಎಷ್ಟು ಆಸೆಯಾಯಿತು ಗೊತ್ತೇ?

ಇಷ್ಟರ ಮೇಲೆ ಧೀರಜ್‌ಗೆ ಹೇಳದೆ ಇರಲಾಗಲಿಲ್ಲ. ಒಂದು ಶನಿವಾರ ಬೆಳಿಗ್ಗೆ ಕಾಫಿ ಆದ ಮೇಲೆ ಎಲ್ಲ ಹೇಳಿ, ರೆಕಾರ್ಡಿಂಗುಗಳನ್ನು ಮೊದಲಿನಿಂದ ಕೇಳಿಸಿದೆ. ನಿನ್ನ ಹಾಗೆ ಸುಳ್ಳು ಹೇಳಲು ಅವನಿಗೆ ಬರುವುದಿಲ್ಲ, ಅವನಿಗೂ ಅವಳು ಕೇಳಿಸಿದಳೆಂದು ಮುಖದಲ್ಲೇ ಗೊತ್ತಾಯಿತು.

‘ನಂಗ್ಯಾಕೆ ಹೇಳ್ಲಿಲ್ಲ?’ ಅಂದ.

‘ನೀನು ಆ ಕವರ್‌ನ ಯಾವತ್ತೂ ಒಡೀಲಿಲ್ಲ, ಅದಕ್ಕೆ.’

‘ಒಂದ್ಸಲ ನಾನೂ ಮಾತಾಡ್ಲಾ?’

ಇಬ್ಬರೂ ಮೇಲೆ ಹೋದೆವು. ಬಿಸಿಲು ಚೆನ್ನಾಗಿತ್ತು. ಅವನು ರೆಕಾರ್ಡರ್ ಮುಂದೆ ಕೂತು, ಗಂಟಲು ಸರಿಮಾಡಿಕೊಂಡು, ‘ಅಪ್ಪ’ ಎಂದ. ನಾನು ಕಲಿಸಿದಂತೆ ಬಿಡುವು ಕೊಟ್ಟ. ಹಾಕಿ ಕೇಳಿದೆವು. ಅವಳಲ್ಲಿ ಪ ಉಳಿದಿರಲಿಲ್ಲವಲ್ಲ. ‘ಅಮ್ಮ’ ಎಂದಳು.

ಆ ಪದವನ್ನು ನಾನು ಎಂದೂ ಪಟ್ಟಿಗೆ ಸೇರಿಸಿರಲಿಲ್ಲ ಫಿರೋಜಾ, ಅಷ್ಟು ಧೈರ್ಯ ಇರಲಿಲ್ಲ. ಧೀರಜ್ ಅಳುತ್ತಲೇ ನಕ್ಕುಬಿಟ್ಟ. ‘ನನ್ನನ್ನ ಕರೆಯೋಕೆ ಹೋಗಿ ನಿನ್ನನ್ನೇ ಕರೆದ್ಲು ನೋಡು’ ಅಂದ. ಸ್ವಲ್ಪ ಹೊತ್ತಾದ ಮೇಲೆ ಕೇಳಿದ: ‘ಆ ಮಗುವಿನ ತಾಯಿಗೆ ಇದನ್ನ ಇನ್ನೂ ಯಾರೂ ಅಂದಿಲ್ಲ, ಅಲ್ವಾ?’ ಇಲ್ಲ ಎಂದೆ. ಅವನೇ ಲ್ಯಾಪ್‌ಟಾಪ್ ತಂದು ನನ್ನ ಮುಂದೆ ಇಟ್ಟ. ಏನು ಮಾಡೆಂದು ಹೇಳಲಿಲ್ಲ. ಮಂಗಳವಾರದವರೆಗೂ ಅದು ಅಲ್ಲೇ ಇತ್ತು. ಮಂಗಳವಾರ ಕಟ್ಟಿದೆ, ಅವಳ ಅಕೌಂಟಿನಿಂದ. ಬುಧವಾರ ರೆಕಾರ್ಡ್ ಮಾಡಿದೆ. ಬಿಡುವುಗಳಲ್ಲಿ ಹೀಟರಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಗುರುವಾರ ಕ್ಲಿನಿಕ್ಕಿಗೆ ಹೋಗಲು ಕಾಲು ಬರುತ್ತಿರಲಿಲ್ಲ, ಆದರೂ ಹೋದೆ. ಶಬನಮ್ ಎಂದಿನಂತೆ ಮೂಲೆಯ ಕುರ್ಚಿಯಲ್ಲಿ ಕೂತು ಫೋನ್ ನೋಡುತ್ತಿದ್ದಳು. ನಾನು ಬ್ಲಾಕುಗಳನ್ನು ಜೋಡಿಸುತ್ತಿದ್ದೆ. ಇನ್ನೂ ಒಂದು ಪದವನ್ನೂ ಹೇಳಿರಲಿಲ್ಲ. ಹಮ್ನಾ ನನ್ನ ಮುಂದೆ ಬಂದು ನಿಂತಳು, ನನ್ನ ಮುಖವನ್ನೇ ನೋಡಿದಳು, ‘ಅಮ್ಮ’ ಎಂದಳು. ಅದೇ ದನಿಯಲ್ಲಿ, ಆ ಮವನ್ನು ಸ್ವಲ್ಪ ಎಳೆದು.

ಶಬನಮ್ ಕೈಯಿಂದ ಫೋನ್ ಬಿತ್ತು. ‘ಅಮ್ಮಿ ಅಂತಿದಾಳೆ! ಮೇಡಂ, ಅಂದ್ಲು ಅಲ್ವಾ? ನೀವೂ ಕೇಳಿಸ್ಕೊಂಡ್ರಿ ಅಲ್ವಾ?’

ಕೇಳಿಸಿಕೊಂಡೆ. ಆ ಮಗುವನ್ನು ಎಳೆದು ತಬ್ಬಿಕೊಂಡು, ಇವಳು ನನ್ನವಳು, ನನ್ನನ್ನೇ ಕರೆದಳು ಎಂದು ಕೂಗಿಬಿಡಬೇಕು ಅನ್ನಿಸಿತು. ಕೂಗಿದ್ದರೆ ತಡೆಯುವವರು ಯಾರಿದ್ದರು? ಹಮ್ನಾ ನನ್ನನ್ನೇ ನೋಡುತ್ತಿದ್ದಳು, ಸರಿ ಹೇಳಿದೆನಾ ಎಂದು ಕೇಳುವ ಹಾಗೆ.

ನಾನು ಅವಳ ಗಲ್ಲ ಹಿಡಿದು ಮುಖವನ್ನು ಶಬನಮ್ ಕಡೆಗೆ ತಿರುಗಿಸಿದೆ. ‘ಅಮ್ಮಿ’ ಎಂದೆ. ಬಿಡುವು ಕೊಟ್ಟೆ.

ಅವಳು ಒಮ್ಮೆ ತಿರುಗಿ ನನ್ನನ್ನು ನೋಡಿದಳು. ಆಮೇಲೆ ಶಬನಮ್ ಕಡೆ ನೋಡಿ ‘ಅಮ್ಮಿ’ ಎಂದಳು. ಶಬನಮ್ ಅವಳನ್ನು ಎತ್ತಿಕೊಂಡಳು. ನಾನು ಇಬ್ಬರಿಗೂ ಬೆನ್ನು ಮಾಡಿ ನಿಂತು, ಚಾರ್ಟಿನಲ್ಲಿ ಮ ಬಂತು ಎಂದು ಬರೆದೆ.

ನಿನ್ನ
ಮೈಥಿಲಿ